ಒಲೆಯಲ್ಲಿ ಬೆಂದ ರಾಜನ ಮುಖ

ಬೇಕರಿಯ ಮೇಲಿನ ಕೋಣೆ,
ಮಾರ್ಚ್ ೧೪, ಸೋಮವಾರ

ಪ್ರೀತಿಯ ತಮ್ಮಾ,

ನಿನ್ನ ಕೆಮ್ಮು ಹೇಗಿದೆ? ಆ ಊರಿನ ಬೇಕರಿಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲಿಯ ಹಾಗೆ ಬ್ರೆಡ್ಡಿನ ಅಂಚು ಕಡಿದುಕೊಂಡೇ ದಿನ ದೂಡುತ್ತೀಯೋ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಇದ್ದಲ್ಲೇ ಇದೆ, ಹಟವೂ ಅಷ್ಟೇ. ನೀನು ಜಗಳವಾಡಿಕೊಂಡು ಹೋದ ಮೇಲೆ ಕರೆಂಟಿನ ಒಲೆಯ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತಿಲ್ಲ. ಸೌದೆ ಒಲೆಯೇ ಉರಿಯುತ್ತಿದೆ. ಅಪ್ಪ ನಿನ್ನ ಸುದ್ದಿಯನ್ನೂ ಎತ್ತುವುದಿಲ್ಲ. ಎತ್ತಲೇಬೇಕಾಗಿ ಬಂದರೆ 'ಅವನು' ಎನ್ನುತ್ತಾರೆ. ಹುಟ್ಟಿದಾಗಿನಿಂದ ಕರೆದ 'ಡುಮ್ಮ' ಅವರ ಬಾಯಿಗೆ ಬಂದೇ ಇಲ್ಲ.

ಈಗ ಸುದ್ದಿಯನ್ನು ಕೂತುಕೊಂಡು ಓದು. ಅಪ್ಪ ನಿನ್ನೆ ನಾಟಕದಲ್ಲಿ ರಾಜನ ಪಾತ್ರ ಮಾಡಿದರು. ನಮ್ಮ ಲೈಬ್ರರಿ ಮೇಡಂ ಪುರಾತನ ಗ್ರೀಕರ ದುರಂತ ನಾಟಕಗಳ ಧಾಟಿಯಲ್ಲಿ ತಾವೇ ಒಂದನ್ನು ಬರೆದು, ಬೀದಿಯವರನ್ನೆಲ್ಲ ಪಾತ್ರಗಳಿಗೆ ಎಳೆದುಕೊಂಡಿದ್ದರು. ಸಿಟ್ಟಿನಲ್ಲಿ ರಾಜ ಕೋಟೆಯ ಬಾಗಿಲು ಹಾಕಿಸುತ್ತಾನೆ, ಮಗ ಹೊರಗೆ ಉಳಿಯುತ್ತಾನೆ, ಅವನು ಸತ್ತನೆಂದು ಹೇಳಲು ಕೊನೆಗೆ ಒಬ್ಬ ದೂತ ಬರುತ್ತಾನೆ. ಸಾವನ್ನು ಜನರ ಕಣ್ಣೆದುರು ತೋರಿಸುವುದಿಲ್ಲ, ಗ್ರೀಕರದು ಅದೇ ರೂಢಿಯಂತೆ. ಎಲ್ಲರಿಗೂ ಮುಖವಾಡ. ಕಾಗದ, ಗೋಂದು ಕಲಸಿ ಅವನ್ನು ಮಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ರಾಜನಿಗೆ ಎರಡು: ಮೊದಲು ಬಿಗುಮಾನದ್ದು, ಕೊನೆಗೆ ಅಳುವುದು. ಅಪ್ಪನ ತಕರಾರು ಒಂದೇ: "ಈ ರಾಜ ಕೆಟ್ಟವನಲ್ವಲ್ಲ, ಇವನಿಗ್ಯಾಕೆ ಇಷ್ಟು ಶಿಕ್ಷೆ?" ಮೇಡಂ ಸಮಾಧಾನವಾಗಿ ಬಿಡಿಸಿ ಹೇಳಿದರು. ಕೆಟ್ಟವನು ಬಿದ್ದರೆ ಜನ ಚಪ್ಪಾಳೆ ತಟ್ಟುತ್ತಾರೆ, ತಪ್ಪೇ ಮಾಡದವನು ಬಿದ್ದರೆ ಸಿಟ್ಟಾಗುತ್ತಾರೆ. ನಮ್ಮಂಥ ಒಳ್ಳೆಯವನೇ ತನಗೆಲ್ಲ ಗೊತ್ತೆಂದುಕೊಂಡು ಒಂದು ಕಡೆ ಎಡವಿದರೆ ಅಯ್ಯೋ ಪಾಪ ಅನಿಸುತ್ತದೆ, ನಮಗೂ ಹೀಗಾದೀತೆಂದು ಭಯವೂ ಆಗುತ್ತದೆ. ಅತ್ತು ಎದ್ದು ಹೋಗುವಾಗ ಮನಸ್ಸು ಹಗುರವಾಗಿರುತ್ತದಂತೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಗೊತ್ತಾಯ್ತು ಬಿಡಿ, ಥೇಟ್ ನಮ್ಮ ಎದುರುಮನೆ ಟೈಲರ್" ಎಂದರು. ನಾನು ನಗು ತಡೆಯಲಾರದೆ ಹಿಟ್ಟಿನ ಮೂಟೆ ಸರಿಸುವ ನೆಪದಲ್ಲಿ ಒಳಗೆ ಹೋದೆ.

ನಾಟಕದ ದಿನ ಬೆಳಿಗ್ಗೆ ಅಳುವ ಮುಖವಾಡ ಇನ್ನೂ ಹಸಿಯಾಗಿತ್ತು. ಬಿಸಿಲಿಗಿಡಲು ಹೊರಟರೆ ಅಪ್ಪ ಕೈಯಿಂದ ಕಿತ್ತುಕೊಂಡು ಒಲೆಯೊಳಗೆ ಇಟ್ಟರು. ಇನ್ನೂ ಕಾವಿದೆ ಎಂದೆ. "ನನ್ನ ಒಲೆ ನಂಗೆ ಗೊತ್ತಿಲ್ವಾ?" ಎಂದರು. ಜಗಳದ ದಿನ ನಿನಗೂ ಇದನ್ನೇ ಹೇಳಿದ್ದರು, "ಹೊಸಿಲು ದಾಟಿದ್ರೆ ಮತ್ತೆ ಬರ್ಬೇಡ" ಎನ್ನುವುದಕ್ಕೆ ಮುಂಚೆ. ಸುಟ್ಟ ವಾಸನೆ ಬಂದು ಓಡಿಹೋಗಿ ನೋಡಿದರೆ ರಾಜನ ಮುಖ ರಸ್ಕಿನ ಹಾಗೆ ಕೆಂಪಗೆ ಬೆಂದಿತ್ತು, ಮೂಗಿನ ಜಾಗದಲ್ಲಿ ಇದ್ದಿಲು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಮಸಿ ಒರೆಸಿದರು. ನನ್ನನ್ನು ಬೈಯಲೂ ಇಲ್ಲ.

ಇನ್ನೊಂದು ಮಾಡಲು ಹೊತ್ತಿರಲಿಲ್ಲ. ಕೊನೆಯ ದೃಶ್ಯಕ್ಕೆ ಅಪ್ಪ ಬರಿಮುಖದಲ್ಲೇ ಬಂದರು. ಅಲ್ಲಿಯವರೆಗೆ ಮುಖವಾಡದ ಮರೆಯಲ್ಲಿ ಗುಡುಗುತ್ತಿದ್ದವರು ದೂತನ ಮಾತು ಕೇಳಿ ಮಂಡಿಯೂರಿದರು, ಅದೂ ಆ ನೋವಿನ ಮಂಡಿಯನ್ನು. ತಾಲೀಮಿನಲ್ಲಿ ಒಮ್ಮೆಯೂ ಊರಿದವರಲ್ಲ, ರಾಜ ಬಗ್ಗೋದಿಲ್ಲ ಎನ್ನುತ್ತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅಮ್ಮ ಹೋದಾಗಲೂ ನಾವು ಅದನ್ನು ಕಂಡಿರಲಿಲ್ಲ. ಎದುರುಮನೆ ಟೈಲರ್ ಬಿಕ್ಕಿ ಬಿಕ್ಕಿ ಅತ್ತ. ನನಗೂ ತಡೆಯಲಾಗಲಿಲ್ಲ. ಮನೆಗೆ ಬಂದ ಅಪ್ಪ ಎರಡು ತಟ್ಟೆ ಊಟ ಮಾಡಿ, ಹೊದ್ದು ಮಲಗಿ, ಗೊರಕೆ ಹೊಡೆದರು. ಇವತ್ತು ಹಿಟ್ಟು ನಾದುತ್ತಾ ಸಿಳ್ಳೆ ಹಾಕುತ್ತಿದ್ದಾರೆ, ಇಲ್ಲಿಗೇ ಕೇಳಿಸುತ್ತಿದೆ. ಬಹಳ ದಿನದ ಮೇಲೆ ಈ ಮನೆ ಮನೆಯಂತಿದೆ, ನನಗೆ ಖುಷಿಯಾಗಿದೆ ಕಣೋ.

ಕುತ್ತಿಗೆಗೆ ಮಫ್ಲರ್ ಸುತ್ತಿಕೋ. ಎಲ್ಲಿದ್ದರೂ ಬೆಚ್ಚಗೆ, ಸುಖವಾಗಿ ಬಾಳು.

ನಿನ್ನ
ಅಕ್ಕ

ಮರೆತೇಬಿಟ್ಟೆ: ಅಂಚೆಯವನು ಬರುವ ಹೊತ್ತಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. ಕೊನೆಯಲ್ಲಿ ರಾಜ "ಮಗನೇ, ತಪ್ಪು ನನ್ನದು" ಎನ್ನಬೇಕಿತ್ತು. ಅಪ್ಪ "ಡುಮ್ಮಾ, ತಪ್ಪು ನಂದು ಕಣೋ" ಎಂದರು. ಜನ ಅದು ರಾಜಕುಮಾರನ ಹೆಸರೆಂದುಕೊಂಡರು. ನಾಟಕದ ದೂತ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಾನು ಮೊದಲೇ ಹೇಳುತ್ತಿದ್ದೇನೆ. ಬಾಗಿಲು ತೆಗೆದಿದೆ, ಬಾ.