ಕದ್ದ ಪತ್ರವನ್ನು ನಾನೇ ಓದಿದೆ

ಭಾನುವಾರ, ನವೆಂಬರ್ 12

ಕಳ್ಳ ಕೊಟ್ಟಿದ್ದ ಗಡುವು ಸಂಜೆ ಆರಕ್ಕೆ ಮುಗಿಯಿತು. ನಾನು ಹಣ ಕಳಿಸಲಿಲ್ಲ.

ಚರ್ಚಿನ ಕಚೇರಿಯ ಹೆಸರಲ್ಲಿ ಬಂದ ಇಮೇಲ್ ನಂಬಿ ಪಾಸ್‌ವರ್ಡ್ ಕೊಟ್ಟವಳು ನಾನೇ. ಅವನು ನನ್ನ ಪತ್ರಗಳನ್ನೆಲ್ಲ ದೋಚಿ, ಅವುಗಳಲ್ಲಿ ಒಂದನ್ನು ಆರಿಸಿಕೊಂಡ. ನನ್ನ ಗಂಡ ಓಡ್‌ವಾರ್ ತೀರಿಕೊಂಡು ಎರಡು ವರ್ಷವಾದಾಗ, ಹೋದ ತಿಂಗಳು ತಂಗಿಗೆ ಬರೆದದ್ದು: 'ಎರಡು ವರ್ಷದಿಂದ ನನಗೆ ಪ್ರಾರ್ಥನೆ ಬರುತ್ತಿಲ್ಲ. ಪೀಠದಲ್ಲಿ ನಿಂತು ಬಾಯಿ ಆಡಿಸುತ್ತೇನೆ, ಅಷ್ಟೆ.' ಪಾದ್ರಿಯಾದ ನಾನು ಬರೆಯುವ ಮಾತೇ ಇದು! ಹಣ ಕೊಡದಿದ್ದರೆ ಅದನ್ನು ನಮ್ಮ ದ್ವೀಪದವರಿಗೆಲ್ಲ ಕಳಿಸುತ್ತಾನಂತೆ.

"ಕೊಟ್ರೆ ಮತ್ತೆ ಕೇಳ್ತಾನೆ," ಎಂದಿದ್ದಳು ದೂರು ಬರೆದುಕೊಂಡ ಪೊಲೀಸಿನವಳು. "ಅವನು ನಿಜವಾಗಿ ಕದ್ದಿರೋದು ನಿನ್ನ ಧೈರ್ಯಾನ."

ಬೆಳಗಿನ ಆರಾಧನೆ ಮುಗಿದು ಎಲ್ಲರೂ ಕಾಫಿಗೆ ಕೂತಾಗ ಆ ಪತ್ರವನ್ನು ನಾನೇ ಗಟ್ಟಿಯಾಗಿ ಓದಿದೆ. ದನಿ ನಡುಗಲಿಲ್ಲ. ಮೀನುಗಾರ ತೋರ್ಬ್ಯೋರ್ನ್ ಕಾಫಿ ಬಿಟ್ಟು ಎದ್ದು ಹೊರಟುಹೋದ. ಅದು ಈಗಲೂ ಚುಚ್ಚುತ್ತಿದೆ.

ಎಂಬತ್ತು ದಾಟಿದ ಬೋರ್ಗಿಲ್ ಕಪ್ ಕೆಳಗಿಟ್ಟಳು. "ಅಯ್ಯೋ ಗುನ್‌ವೋರ್, ನನ್ನ ಗಂಡನ ದೋಣಿ ಮುಳುಗಿದ ಮೇಲೆ ನಾನೂ ಹನ್ನೊಂದು ವರ್ಷ ಬರೀ ತುಟಿ ಆಡಿಸ್ದೆ. ಯಾರಿಗಾದ್ರೂ ಗೊತ್ತಾಯ್ತಾ? ಕೂತ್ಕೊ, ಕಾಫಿ ಆರ್‍ತಿದೆ."

ಆರಕ್ಕೆ ಸರಿಯಾಗಿ ಅವನು ಎಲ್ಲರಿಗೂ ಪತ್ರ ಕಳಿಸಿಯೇಬಿಟ್ಟ. ಬೋರ್ಗಿಲ್ ಫೋನ್ ಮಾಡಿ, "ಬಂತು ಕಣೆ. ನೀನು ಓದಿದ್ದೇ ಚೆನ್ನಾಗಿತ್ತು," ಎಂದು ನಕ್ಕಳು. ಎರಡು ವರ್ಷದಲ್ಲಿ ಮೊದಲ ಸಲ ನಾನೂ ಜೋರಾಗಿ ನಕ್ಕೆ.

ನಾಳೆ ತೋರ್ಬ್ಯೋರ್ನ್ ಮನೆಗೆ ಹೋಗುತ್ತೇನೆ. ಕ್ಷಮೆ ಕೇಳುವುದಕ್ಕಲ್ಲ, ಅವನ ಮಾತು ಕೇಳುವುದಕ್ಕೆ. ಅವನು ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಪೀಠವನ್ನಂತೂ ಬಿಡುವುದಿಲ್ಲ. ಕಣ್ಣು ಎಳೆಯುತ್ತಿದೆ, ಇನ್ನು ಮಲಗುತ್ತೇನೆ.