ಗವಾಕ್ಷಿಯ ಸುತ್ತ ಒಂದು ಬಾಂಡ್ಲಿ ಸಿಮೆಂಟ್

ಕೊಳಾಲ
30-7-1983, ಶನಿವಾರ

ನಮ್ಮ ಮನೆಯವರಿಗೆ,

ಕಾಗದದ ಮೊದಲಿಗೆ ಗಂಡನ ಪಾದಗಳಿಗೆ ನಮಸ್ಕಾರ ಬರೆಯಬೇಕಂತೆ. ಆ ಪಾದಗಳು ಶಿರಾ ಬಸ್ಸು ಹತ್ತಿ ಒಂದು ವರ್ಷ ಮೂರು ತಿಂಗಳಾಯಿತು. ಹಾಗಾಗಿ ಕರಣೆ ಹಿಡಿದು ಗಾರೆ ಕೆಲಸ ಮಾಡುವ ನಿಮ್ಮ ಬಲಗೈಗೆ ನಮಸ್ಕಾರ. ನಾನು, ಅತ್ತೆ, ಮಗಳು ಅಂಜಿ ಮೂವರೂ ಚೆನ್ನಾಗಿದ್ದೇವೆ. ನೀವು ಅತ್ತೆಗೆ ಹಾಕುವ ಕಾರ್ಡುಗಳನ್ನು ಓದಿ ಹೇಳುವವಳು ನಾನೇ. ಅದರಲ್ಲಿ ಎಮ್ಮೆಯ ಕ್ಷೇಮವನ್ನೂ ಕೇಳಿರುತ್ತೀರಿ, ನನ್ನದೊಂದು ಇರುವುದಿಲ್ಲ. ಎಮ್ಮೆ ಚೆನ್ನಾಗಿದೆ.

ಈಗ ಬರೆಯುತ್ತಿರುವುದು ಕೆಲಸದ ವಿಷಯ. ನೀವು ಸಿಮೆಂಟಿನಲ್ಲಿ ಹಾಕಿದ ತಾರಸಿ ಮನೆಯ ಹಿಂದುಗಡೆ ಬಿದ್ದುಹೋಗಿದ್ದ ಮಣ್ಣಿನ ಮಾಳಿಗೆ ಮನೆಯನ್ನು ಮತ್ತೆ ಕಟ್ಟಿಸಿದ್ದೇನೆ. ಶ್ರಾವಣದ ಎರಡನೇ ಶುಕ್ರವಾರ ಹಾಲು ಉಕ್ಕಿಸುವುದು. ಎಲ್ಲಾ ಮುಗಿದಿದೆ, ಗವಾಕ್ಷಿ ಒಂದನ್ನು ಬಿಟ್ಟು. ಅಡುಗೆಮನೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಬಿಟ್ಟ ಆ ಕಿಂಡಿಯ ಸುತ್ತ ಮಳೆ ಬಂದರೆ ಸೋರುತ್ತದೆ. ಕಲ್ಲಿಗೆ ಮಣ್ಣು ಕಚ್ಚುತ್ತಿಲ್ಲ. ಒಂದು ಬಾಂಡ್ಲಿ ಸಿಮೆಂಟಿನ ಕೆಲಸ ಅಷ್ಟೆ. ಮಾವನವರ ಕಾಲದಿಂದ ಮಾಳಿಗೆ ಹಾಕುತ್ತಿರುವ ಬೊಮ್ಮಪ್ಪನವರೇ ಇದನ್ನೂ ಹಾಕಿದ್ದು, ಆದರೆ ಅವರಿಗೆ ಮಣ್ಣು ಗೊತ್ತು, ಸಿಮೆಂಟು ಗೊತ್ತಿಲ್ಲ. ನೀವು ಕರಣೆ ತೆಗೆದುಕೊಂಡು ಒಂದು ದಿನದ ಮಟ್ಟಿಗೆ ಬಂದು ಹೋಗಬೇಕು.

ನಿಮ್ಮ ಮೇಲಿನ ಹಟಕ್ಕೆ ಕಟ್ಟಿಸಿದೆ ಎಂದುಕೊಳ್ಳಬೇಡಿ. ಸ್ವಲ್ಪ ಹಟವೂ ಇತ್ತು ಅನ್ನಿ. ನೀವು ಹೋದ ಮೇಲೆ ಕೊರಟಗೆರೆಯಲ್ಲಿ ಮನೆ ಕಟ್ಟುವ ಬಗ್ಗೆ ಒಂದು ಶಿಬಿರ ನಡೆಯಿತು, ನಮ್ಮಂಥ ಬಾಲವಾಡಿ ಟೀಚರುಗಳನ್ನೂ ಕರೆದಿದ್ದರು. ಬೆಂಗಳೂರಿನವರು ಮಣ್ಣನ್ನು ಒತ್ತಿ ಇಟ್ಟಿಗೆ ಮಾಡುವ ಯಂತ್ರ ತಂದಿದ್ದರು. ಇಪ್ಪತ್ತು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಸಿಮೆಂಟು ಬೆರೆಸಿ, ಯಂತ್ರದೊಳಗೆ ತುಂಬಿ, ಉದ್ದದ ಹಿಡಿಯನ್ನು ಜಗ್ಗಿದರೆ ಇಟ್ಟಿಗೆ ಆಗಿಹೋಯಿತು. ಸುಡಲು ಒಂದು ಕಡ್ಡಿ ಸೌದೆ ಬೇಡ. ಯಂತ್ರವನ್ನು ಗಾಡಿಯಲ್ಲಿ ತರಿಸಿ, ಪಾಯ ತೆಗೆದ ಮಣ್ಣಿನಲ್ಲೇ ನಾನೂ ಬೀದಿಯ ಹೆಂಗಸರೂ ಹಿಡಿ ಜಗ್ಗಿ ಗೋಡೆಗಾಗುವಷ್ಟು ಮಾಡಿಕೊಂಡೆವು. ನನ್ನ ರಟ್ಟೆ ಈಗ ನಿಮ್ಮದಕ್ಕಿಂತ ಗಟ್ಟಿ, ಹುಷಾರು.

ಕಿಟಕಿ ಎಲ್ಲಿಡಬೇಕೆಂದು ಶಿಬಿರದವರು ಕೊಟ್ಟ ಹಾಳೆಯಲ್ಲಿ ಬಾಣದ ಗುರುತಿತ್ತು. ಅತ್ತೆ ಆ ಹಾಳೆಯ ಕಡೆ ತಿರುಗಿಯೂ ನೋಡಲಿಲ್ಲ. ಮೊರದ ತುಂಬ ರಾಗಿ ಹೊಟ್ಟು ತಂದು, ಪಾಯದ ನಾಲ್ಕು ಮೂಲೆಯಲ್ಲೂ ನಿಂತು ತೂರಿದರು. “ನಲವತ್ತು ವರ್ಷ ಇದೇ ಜಾಗದಾಗೆ ರಾಗಿ ತೂರಿವ್ನಿ ಕಣಮ್ಮ. ಗಾಳಿ ಯಾವ ಕಡೆಯಿಂದ ಬತ್ತದೆ ಅಂತ ಕಾಗ್ದ ನೋಡ್ಬೇಕಾ ನಾನು?” ಅಂದರು. ಗಾಳಿ ಬಂದ ಕಡೆ ಒಂದು ಕಿಟಕಿ, ಹೊಟ್ಟು ಹೋಗಿ ಬಿದ್ದ ಕಡೆ ಇನ್ನೊಂದು. ಹಾಳೆಯ ಬಾಣವೂ ಅದನ್ನೇ ಹೇಳುತ್ತಿತ್ತು. ಅತ್ತೆಗೆ ತಿಳಿಸಿಲ್ಲ, ತಿಳಿಸಿದರೆ ಆಮೇಲೆ ಅವರನ್ನು ಹಿಡಿಯುವವರು ಯಾರು?

ಬಾಗಿಲು ಮಾಡಿದ್ದು ಬಡಗಿ ನರಸಪ್ಪ. ನಾನು ಹೇಳಿದ ಅಳತೆ ಕೇಳಿ, “ಮೂರು ಹೆಣ್ಣಾಳಿರೋ ಮನೆಗೆ ಇಷ್ಟೆತ್ತರದ ಬಾಗ್ಲಾ? ಒಂಟೆ ಗಿಂಟೆ ಸಾಕ್ತೀಯೇನಮ್ಮ?” ಎಂದು ನಕ್ಕ. ಗಾಳಿ ಚೆನ್ನಾಗಿ ಆಡಲಿ ಎಂದು ಹೇಳಿ ಅವನ ಬಾಯಿ ಮುಚ್ಚಿಸಿದೆ.

ಒಲೆ ಕೂಡ ಹೊಸದು, ಹಾಲು ಉಕ್ಕಿಸುವವರೆಗೂ ಕಾಯದೆ ಅಡುಗೆ ಶುರು ಮಾಡಿಬಿಟ್ಟಿದ್ದೇನೆ. ಒಂದೇ ಉರಿಗೆ ಮೂರು ಪಾತ್ರೆ ಕೂರುತ್ತವೆ, ಹೊಗೆಯೆಲ್ಲ ಕೊಳವೆಯಲ್ಲಿ ಮೇಲೆ ಹೋಗುತ್ತದೆ. ಮೂರು ದಿನಕ್ಕೆ ಮುಗಿಯುತ್ತಿದ್ದ ಸೌದೆ ಹೊರೆ ಈಗ ವಾರ ಬರುತ್ತದೆ. ಒಂದೇ ತೊಂದರೆ. ಮೊದಲು ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡರೆ ಯಾರೂ ಏನೂ ಕೇಳುತ್ತಿರಲಿಲ್ಲ, ಈಗ ಅಂಜಿ ಯಾಕಮ್ಮ ಎನ್ನುತ್ತಾಳೆ.

ಇನ್ನು ನನ್ನ ತಪ್ಪಿನ ವಿಷಯ. ತೊಲೆ, ಜಂತೆ, ಅದರ ಮೇಲೆ ಬಂದರೆ ಗಿಡದ ಸೊಪ್ಪಿನ ಹಾಸು, ಮೇಲೆ ಮಣ್ಣು, ಎಲ್ಲ ಬೊಮ್ಮಪ್ಪನವರು ಹೇಳಿದ ಹಾಗೇ ಮಾಡಿದೆ. ಕೊನೆಯ ಪದರಕ್ಕೆ ಚೌಳು ಮಣ್ಣೇ ಬೇಕು, ಅದರೊಳಕ್ಕೆ ನೀರು ಇಳಿಯುವುದಿಲ್ಲ ಎಂದು ಅತ್ತೆ ಬಡಕೊಂಡರು. ಅವರ ತವರು ನಾಗಲಮಡಿಕೆಯ ಕಡೆ ಎಲ್ಲ ಮಾಳಿಗೆಗೂ ಅದೇ. ನಾನು ಏಳನೇ ಕ್ಲಾಸು ಓದಿದವಳು, ಮೇಲಾಗಿ ಶಿಬಿರಕ್ಕೆ ಹೋಗಿ ಬಂದವಳು. ಕೆರೆಯ ಗೋಡು ಮಣ್ಣು ನುಣ್ಣಗಿದೆಯಲ್ಲ, ಅದೇ ಆಗುತ್ತದೆ ಎಂದು ಹಾಕಿಸಿದೆ. ಅದು ಒಣಗಿ ಅಂಗೈ ಅಗಲ ಬಿರುಕು ಬಿಟ್ಟಿತು. ಮೇ ತಿಂಗಳ ಮೊದಲ ಮಳೆ ಸಂಜೆ ನಾಲ್ಕಕ್ಕೆ ಬಂತು ನೋಡಿ, ಹೊರಗಡೆಗಿಂತ ಒಳಗೇ ಜೋರು. ರಾಗಿ ಚೀಲ ಎಳೆದುಕೊಂಡು, ಅಂಜಿಯನ್ನು ಎತ್ತಿಕೊಂಡು, ಸೋರುವ ಜಗಲಿಯಲ್ಲಿದ್ದ ಅತ್ತೆಯ ಕೈ ಹಿಡಿದು ನಾನು ಓಡಿದ್ದು ಎಲ್ಲಿಗೆ ಗೊತ್ತೇ? ನಿಮ್ಮ ತಾರಸಿಯ ಕೆಳಗೆ.

ಒಂದು ಹನಿ ಒಳಗೆ ಬರಲಿಲ್ಲ. ಮೂವರೂ ಗೋಡೆಗೊರಗಿ ಕೂತೆವು. “ನನ್ ಮಗ ತಾರ್ಸಿ ಹಾಕಿ ನನ್ನ ಹುರ್ದ, ನೀನು ನೆನೆ ಹಾಕ್ದೆ. ಹುರ್ದ ಕಾಳು ಎಲ್ಲಾನಾ ಮೊಳಕೆ ಬತ್ತದೇನೇ?” ಅಂದರು ಅತ್ತೆ. ಅಂಜಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ನೀವು ಎದ್ದು ಹೋದ ಮಧ್ಯಾಹ್ನವೂ ಹೀಗೇ ಎಲ್ಲರೂ ನಕ್ಕಿದ್ದರು.

ತಾರಸಿ ಹಾಕಿದ ಮೊದಲ ಬೇಸಿಗೆ. ನಿಮ್ಮ ಜೊತೆ ಕೆಲಸ ಮಾಡುವ ನಾಲ್ವರು ಊಟಕ್ಕೆ ಕೂತಿದ್ದರು. ಸೆಕೆ ತಾಳದೆ ಅತ್ತೆ ತಟ್ಟೆ ಹಿಡಿದು ಜಗಲಿಗೆ ಹೋದರು. ಇನ್ನುಮೇಲೆ ರೊಟ್ಟಿಗೆ ಒಲೆ ಯಾಕೆ, ತಾರಸಿ ಮೇಲೆ ತಟ್ಟಿದರಾಯಿತು ಎಂದುಬಿಟ್ಟೆ. ನೀವು ಮುರಿದ ಮುದ್ದೆಯನ್ನು ಹಾಗೇ ಬಿಟ್ಟು ಕೈ ತೊಳೆದಿರಿ. ಊರಿಗೇ ಮೊದಲನೇ ತಾರಸಿ ಅದು. ಇಪ್ಪತ್ತೊಂದು ದಿನ ನೀವೇ ಹತ್ತಿ ಅದಕ್ಕೆ ನೀರು ಕಟ್ಟಿದ್ದಿರಿ, ಅದನ್ನು ನೋಡಿದವಳೂ ನಾನೇ. ಮನೆ ಕಾಯುತ್ತಿದ್ದದ್ದು ನಿಜ. ಆದರೆ ಊಟಕ್ಕೆ ಕೂತ ಮೇಸ್ತ್ರಿಯನ್ನು ಅವರ ಆಳುಗಳ ಮುಂದೆ ಆಡಿಕೊಂಡದ್ದು ತಪ್ಪು. ಮುಖ ಕೊಟ್ಟು ಹೇಳಬೇಕಾದದ್ದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ, ನನ್ನಿಂದ ತಪ್ಪಾಯಿತು.

ಕೆರೆ ಗೋಡನ್ನೆಲ್ಲ ಕೆತ್ತಿಸಿ ಚೌಳು ಮಣ್ಣು ಹಾಕಿಸಿದ್ದಾಯಿತು. ನಿಮ್ಮ ತಾರಸಿಯ ಮೇಲೂ ಕುಂಬಾರರು ಬಿಸಾಕಿದ್ದ ಒಡಕು ಮಡಕೆಗಳನ್ನು ಬೋರಲು ಹಾಕಿ ತೆಳ್ಳಗೆ ಮಣ್ಣು ಹಾಸಿದ್ದೇನೆ. ಕೆಳಗೆ ಈಗ ತಣ್ಣಗಿದೆ. ತಾರಸಿಗೆ ಒಂದು ಮೊಳೆಯನ್ನೂ ಹೊಡೆಸಿಲ್ಲ, ಬೇಕಾದರೆ ಹತ್ತಿ ನೋಡಿ.

ಅತ್ತೆ ಮಾತ್ರ ಹೊಸ ಮನೆಯ ಹೊಸ್ತಿಲು ದಾಟುತ್ತಿಲ್ಲ. ಮಗ ಕಾಲಿಡದ ಮನೆಗೆ ನಾನು ಕಾಲಿಡಲ್ಲ ಎಂದು ಜಗಲಿಯಲ್ಲೇ ಚಾಪೆ ಹಾಸಿದ್ದಾರೆ. ಹಾಲು ಉಕ್ಕಿಸುವ ದಿನ ಮಣೆಯ ಮೇಲೆ ನಾನು ಒಬ್ಬಳೇ ಕೂರಬೇಕೋ ಏನೋ ಎಂದು ಬೀದಿಯೆಲ್ಲ ನೋಡುತ್ತಿದೆ. ಗವಾಕ್ಷಿಯ ಕೆಲಸ ಮರೆಯಬೇಡಿ.

ಇಂತಿ,
ನಿಮ್ಮ ಬಾಯಿಬಡುಕಿ
ಗಿರಿಯಮ್ಮ

ಇದನ್ನೂ ಓದಿ: ಕಾಗದ ಮಡಿಚುವಾಗ ಮನಸ್ಸು ತಡೆಯಲಿಲ್ಲ. ಬೊಮ್ಮಪ್ಪನವರಿಗೆ ಸಿಮೆಂಟು ಗೊತ್ತಿಲ್ಲ ಎಂದು ಬರೆದದ್ದು ಸುಳ್ಳು. ಅವರೇ ಸಿಮೆಂಟು ಹಾಕಿ ಗವಾಕ್ಷಿ ಸೋರುವುದು ನಿಂತು ಹನ್ನೆರಡು ದಿನವಾಯಿತು, ಮೊನ್ನೆಯ ಮಳೆಗೂ ಒಲೆಯ ಮುಂದೆ ಒಣಗೇ ಇತ್ತು. ನಿಮ್ಮನ್ನು ಕರೆಯಲು ನನಗೊಂದು ನೆಪ ಬೇಕಾಗಿತ್ತು. ಬಾಗಿಲು ಎತ್ತರ ಮಾಡಿಸಿದ್ದೂ ಗಾಳಿಗಲ್ಲ. ಹಳೇ ಬಾಗಿಲಿಗೆ ದಿನಾ ಹಣೆ ಹೊಡೆಸಿಕೊಳ್ಳುತ್ತಿದ್ದವರು ಈ ಮನೆಯಲ್ಲಿ ಒಬ್ಬರೇ. ಕರಣೆ ತರಬೇಡಿ. ನೀವು ಬನ್ನಿ.