ಕಾಯದ ಇಂಜಿನ್

ಅಣ್ಣಾ,
ಸಂಜೆ ಕ್ಲಾಸಿನಲ್ಲಿ ಗಾಡಿ ರಿಪೇರಿ ಕಲಿತ ನಾನು ನಿನಗೆ ಲಾರಿಯ ವಿಷಯ ಹೇಳುವುದು ಅಧಿಕಪ್ರಸಂಗವೇ. ಸಿಟ್ಟಾಗಬೇಡ.

ನಮ್ಮ ಡ್ರೈವರ್ ಮಲಕಪ್ಪ ಡೀಸೆಲ್ ಕದ್ದಿಲ್ಲ ಅನ್ನಿಸುತ್ತದೆ. ಅವನು ಕೀಲಿಕೈ ಇಟ್ಟು ಕೆಲಸ ಬಿಟ್ಟು ಹೋದ ಮೇಲೆ ಗುಡೂರಿನಿಂದ ಕಲ್ಲು ತಂದವನು ನೀನೇ. ಆಗಲೂ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೆದ್ದಿರಲಿಲ್ಲ. ತಣ್ಣಗಿರುವ ಇಂಜಿನ್ ಡೀಸೆಲ್ ಹೆಚ್ಚು ತಿನ್ನುತ್ತದೆ. ಬಿಚ್ಚಿ ನೋಡಿದೆ, ಇಂಜಿನ್ ಕಾಯುವವರೆಗೆ ನೀರು ತಡೆದು ಆಮೇಲೆ ಬಿಡುವ ಥರ್ಮೋಸ್ಟ್ಯಾಟ್ ಒಳಗಿಲ್ಲ. ಬೇಸಿಗೆಯಲ್ಲಿ ನೀರು ಕುದಿಯುತ್ತದೆಂದು ನೀನೇ ತೆಗೆಸಿದ್ದೆ, ಮತ್ತೆ ಹಾಕಿಸಲಿಲ್ಲ.

"ಡೀಸೆಲ್ ಗಾಡಿ ಕುಡಿತೈತೋ, ನೀ ಕುಡಿತೀಯೋ ಲೇ?" ಎಂದು ಎಲ್ಲರೆದುರು ಅವನಿಗೆ ಅಂದುಬಿಟ್ಟೆಯಲ್ಲ.

ಇಳಕಲ್‌ಗೆ ಹೋಗಿ ಹೊಸದು ತರುತ್ತೇನೆ. ಇಂಜಿನ್ನಿನ ನೀರು ಇಳಿಸಿದ್ದೇನೆ, ಗಾಡಿ ಚಾಲೂ ಮಾಡಬೇಡ. ರೊಟ್ಟಿ ಬುಟ್ಟಿಯಲ್ಲಿದೆ. ಉಂಡು ಅವನ ಮನೆಗೆ ಹೋಗು, ನನ್ನ ಫೋನ್ ಅವನು ಎತ್ತುತ್ತಿಲ್ಲ.

ಹೊಸದು ಹಾಕಿದರೆ ಇಂಜಿನ್ ಕಾಯಬಹುದು. ಮಲಕಪ್ಪ ಮತ್ತೆ ನಮ್ಮ ಗಾಡಿ ಹತ್ತುತ್ತಾನೋ ಇಲ್ಲವೋ, ನನಗೆ ಗೊತ್ತಿಲ್ಲ.

ಶಿವಗಂಗಾ